ಉತ್ತರ ಸರಿ, ಮಾರ್ಕ್ಸ್ ಸೊನ್ನೆ: ಲಿಮಿಟ್ ಲೆಕ್ಕದಲ್ಲಿ ನಾನು ಮಾಡಿದ ತಪ್ಪೇನು?

ಸಪ್ತಾಪುರ_ಹುಡುಗ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಫಸ್ಟ್ ಪಿಯುಸಿ ಸೈನ್ಸ್. ಕಾಲೇಜಿನ ಹೆಸರು ಬೇಡ. ಮೊನ್ನೆ ಟೆಸ್ಟಿನಲ್ಲಿ 3 ಮಾರ್ಕ್ಸಿಗೆ ಒಂದು ಲೆಕ್ಕ ಬಂದಿತ್ತು. ಎಕ್ಸ್ ಸೊನ್ನೆಯ ಹತ್ತಿರ ಹೋದಾಗ ಎಕ್ಸ್ × ಸೈನ್(1/ಎಕ್ಸ್) ಇದರ ಲಿಮಿಟ್ ಎಷ್ಟು, ಅಂದರೆ ಅದು ಯಾವ ಅಂಕಿಯ ಹತ್ತಿರ ಹೋಗುತ್ತದೆ ಅಂತ. ನಾನು ಹೀಗೆ ಬರೆದೆ:

ಲಿಮಿಟ್ [ಎಕ್ಸ್ × ಸೈನ್(1/ಎಕ್ಸ್)] = (ಲಿಮಿಟ್ ಎಕ್ಸ್) × (ಲಿಮಿಟ್ ಸೈನ್(1/ಎಕ್ಸ್)) = 0 × ಕೆ = 0

ಎರಡನೆಯದರ ಲಿಮಿಟ್ ಎಷ್ಟು ಅಂತ ಗೊತ್ತಾಗಲಿಲ್ಲ, ಅದಕ್ಕೆ ಕೆ ಅಂತ ಇಟ್ಟೆ. ಹೇಗಿದ್ದರೂ ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಅಲ್ವಾ? ಸರಿ ಉತ್ತರವೂ ಸೊನ್ನೆಯೇ. ಆದರೆ ಮೂರಕ್ಕೆ ಸೊನ್ನೆ ಹಾಕಿ ಕೆಂಪು ಪೆನ್ನಿನಲ್ಲಿ 'ನಿಯಮ ಅನ್ವಯಿಸುವುದಿಲ್ಲ' ಅಂತ ಬರೆದಿದ್ದಾರೆ. ಗುಣಾಕಾರದ ನಿಯಮ ಪುಸ್ತಕದಲ್ಲೇ ಇದೆ. ಯಾಕೆ ಅನ್ವಯಿಸುವುದಿಲ್ಲ? ಕೇಳೋಣ ಅಂದರೆ ಕ್ಲಾಸಿನಲ್ಲಿ ತೊಂಬತ್ತು ಜನ, ಕೈ ಎತ್ತಿದರೆ ಎಲ್ಲರೂ ತಿರುಗಿ ನೋಡುತ್ತಾರೆ.

ಬ್ಯಾಡಗಿ_ಖಾರ · ರಾತ್ರಿ 9:52

ತಮ್ಮಾ, ತಲೆ ಕೆಡಿಸಿಕೊಳ್ಳಬೇಡ. ಸಿಇಟಿಯಲ್ಲಿ ನಿನ್ನ ಸ್ಟೆಪ್ ಯಾರೂ ನೋಡುವುದಿಲ್ಲ. ಗುಂಡು ತುಂಬಿಸಿ ಬರುವುದಷ್ಟೇ. ಉತ್ತರ ಸೊನ್ನೆ ಬಂತೋ ಇಲ್ಲವೋ? ಬಂತು. ಮುಗೀತು. ನಾನು ಎಂಜಿನಿಯರಿಂಗ್ ಮೂರನೇ ವರ್ಷ, ಇವತ್ತಿನವರೆಗೆ ಯಾರೂ ಬಂದು 'ನಿಯಮ ಹಾಕುವ ಮೊದಲು ಷರತ್ತು ನೋಡಿದೆಯಾ' ಅಂತ ಕೇಳಿಲ್ಲ.

ಉಣಕಲ್_ಅಕ್ಕ · ರಾತ್ರಿ 10:05

ನಾನು ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ. ಈ ತಪ್ಪನ್ನು ಪ್ರತಿ ವರ್ಷ ನೋಡುತ್ತೇನೆ. ಹುಡುಗಾ, ನಿನ್ನ ವಿಧಾನವನ್ನೇ ಇಟ್ಟುಕೊಂಡು ಇನ್ನೊಂದು ಲೆಕ್ಕ ಮಾಡು. ಎಕ್ಸ್ × (1/ಎಕ್ಸ್), ಎಕ್ಸ್ ಸೊನ್ನೆಯ ಹತ್ತಿರ. ನಿನ್ನ ಪ್ರಕಾರ ಮೊದಲನೆಯದರ ಲಿಮಿಟ್ ಸೊನ್ನೆ, ಎರಡನೆಯದು ಏನೋ ಒಂದು ಕೆ, ಗುಣಿಸಿದರೆ ಸೊನ್ನೆ. ಆದರೆ ಎಕ್ಸ್ × (1/ಎಕ್ಸ್) ಅಂದರೆ 1. ಎಕ್ಸ್ ಎಷ್ಟೇ ಚಿಕ್ಕದಿರಲಿ, ಸೊನ್ನೆ ಆಗದಿದ್ದರೆ ಸಾಕು, ಅದು 1 ಆಗಿಯೇ ಇರುತ್ತದೆ. ಲಿಮಿಟ್ 1.

ಒಂದೇ ದಾರಿ. ಒಂದು ಸಲ ಊರು ಸೇರಿಸಿತು, ಇನ್ನೊಂದು ಸಲ ಕೆರೆಗೆ ತಳ್ಳಿತು. ಅಂಥ ದಾರಿಗೆ ಮಾರ್ಕ್ಸ್ ಕೊಡುವುದು ಹೇಗೆ?

ಸಪ್ತಾಪುರ_ಹುಡುಗ · ರಾತ್ರಿ 10:11

ಅಯ್ಯೋ. ಹೌದಲ್ಲ. ಆದರೆ ಅಕ್ಕಾ, 1/ಎಕ್ಸ್ ಇನ್ಫಿನಿಟಿಗೆ ಹೋಗುತ್ತದೆ. ಸೈನ್ ಹಾಗಲ್ಲ, ಅದು -1 ಮತ್ತು 1ರ ನಡುವೆಯೇ ಇರುತ್ತದೆ. ಎರಡೂ ಒಂದೇ ಅಲ್ಲವಲ್ಲ?

ಉಣಕಲ್_ಅಕ್ಕ · ರಾತ್ರಿ 10:14

ಆ ಮಾತನ್ನು ಪೇಪರಿನಲ್ಲಿ ಬರೆದಿದ್ದರೆ 3ಕ್ಕೆ 3 ಬರುತ್ತಿತ್ತು ನೋಡು! ನೀನು ಅದನ್ನು ಬರೆಯಲಿಲ್ಲ. ಕೆ ಅಂತ ಬರೆದೆ. ಕೆ ಅಂದ ಕೂಡಲೇ 'ಸೈನ್(1/ಎಕ್ಸ್)ಗೆ ಒಂದು ಲಿಮಿಟ್ ಇದೆ, ಅದರ ಹೆಸರು ಕೆ' ಅಂತ ಹೇಳಿದಂತೆ ಆಯಿತು. ಅದಕ್ಕೆ ಲಿಮಿಟ್ಟೇ ಇಲ್ಲ. ಇಲ್ಲದ ಮಗುವಿಗೆ ಹೆಸರಿಟ್ಟಿದ್ದೀಯಾ.

ಹಾಗಂತ ಪೂರ್ತಿ ಸೊನ್ನೆ ಹಾಕಿದ್ದು ನನಗೂ ಸ್ವಲ್ಪ ಜಾಸ್ತಿ ಅನ್ನಿಸಿತು. ನಾನಾಗಿದ್ದರೆ 1 ಕೊಡುತ್ತಿದ್ದೆ.

ನವಲೂರ_ಪೇರಲ · ರಾತ್ರಿ 10:30

ನನ್ನ ಮಗಳೂ ಪಿಯುಸಿ, ಅದಕ್ಕೆ ಓದುತ್ತಿದ್ದೇನೆ. ನಾನು ಕಾಮರ್ಸ್ ಓದಿದವನು, ದಡ್ಡ ಪ್ರಶ್ನೆ ಅಂದುಕೊಳ್ಳಬೇಡಿ. ಸೈನ್(1/ಎಕ್ಸ್)ಗೆ ಲಿಮಿಟ್ ಇಲ್ಲ ಅಂತ ಹೇಗೆ ಗೊತ್ತು? ಈಗ ಎಕ್ಸೆಲ್‌ನಲ್ಲಿ ಎಕ್ಸ್ ಜಾಗದಲ್ಲಿ 1/ಪೈ, 1/(2 ಪೈ), 1/(3 ಪೈ) ಅಂತ ಹಾಕುತ್ತಾ ಹೋದೆ. ಎಲ್ಲದಕ್ಕೂ ಸೊನ್ನೆಯೇ ಬರುತ್ತಿದೆ, ಕೊನೆಯಲ್ಲಿ ಏನೋ ಚಿಲ್ಲರೆ ಉಳಿಯುತ್ತದೆ ಅಷ್ಟೇ. ಅಂದರೆ ಲಿಮಿಟ್ ಸೊನ್ನೆ ಅಲ್ಲವೇ?

ಉಣಕಲ್_ಅಕ್ಕ · ರಾತ್ರಿ 10:41

ದಡ್ಡ ಪ್ರಶ್ನೆ ಅಲ್ಲ ಸರ, ಚಲೋ ಪ್ರಶ್ನೆ. ಈಗ ಎಕ್ಸ್ ಜಾಗದಲ್ಲಿ 2/ಪೈ, 2/(5 ಪೈ), 2/(9 ಪೈ) ಹಾಕಿ ನೋಡಿ. ಎಲ್ಲದಕ್ಕೂ 1 ಬರುತ್ತದೆ. ಈ ಎಕ್ಸ್‌ಗಳೂ ಸೊನ್ನೆಯ ಕಡೆಗೇ ಹೋಗುತ್ತಿವೆ. ನೀವು ಆರಿಸಿಕೊಂಡ ಮೆಟ್ಟಿಲುಗಳ ಮೇಲೆ ಇಳಿದರೆ 0, ನಾನು ಆರಿಸಿದ್ದರ ಮೇಲೆ ಇಳಿದರೆ 1. ಲಿಮಿಟ್ ಇದ್ದಿದ್ದರೆ ಯಾವ ಮೆಟ್ಟಿಲಿನಿಂದ ಇಳಿದರೂ ಒಂದೇ ಅಂಕಿ ಸಿಗಬೇಕಿತ್ತು.

ನವಲೂರ_ಪೇರಲ · ರಾತ್ರಿ 10:47

ಹಾಕಿ ನೋಡಿದೆ. ಎಲ್ಲವೂ 1. ನನಗೆ ಬೇಕಾದದ್ದನ್ನೇ ಆರಿಸಿಕೊಂಡು ನೋಡಿದ್ದೆ ಅಂತಾಯಿತು.

ಬ್ಯಾಡಗಿ_ಖಾರ · ರಾತ್ರಿ 10:55

ಇಷ್ಟೆಲ್ಲ ಯಾಕೆ. ಎಲ್'ಹಾಸ್ಪಿಟಲ್ ನಿಯಮ ಕಲಿತುಬಿಡಿ. ಮೇಲಿನದರ ಡೆರಿವೇಟಿವ್ (ಅಂದರೆ ಬದಲಾಗುವ ದರ), ಕೆಳಗಿನದರ ಡೆರಿವೇಟಿವ್, ಎಕ್ಸ್ ಬೆಲೆ ಹಾಕು, ಉತ್ತರ ಬರೆ. ಎಲ್ಲ ಲಿಮಿಟ್ಟಿಗೂ ಅದೊಂದೇ ಮದ್ದು.

ಗದಗ_ಗಣಿತ · ಮಂಗಳವಾರ, ಬೆಳಿಗ್ಗೆ 6:20

ಬ್ಯಾಡಗಿಯವರೇ, ಬೆಳಿಗ್ಗೆ ಚಹಾ ಕುಡಿಯುತ್ತಾ ನಿಮ್ಮದನ್ನು ಓದಿದೆ. ಒಂದು ಲೆಕ್ಕ ಕೊಡುತ್ತೇನೆ. (ಎಕ್ಸ್² + 1)/(ಎಕ್ಸ್ + 2), ಎಕ್ಸ್ 1ರ ಹತ್ತಿರ. ನಿಮ್ಮ ಮದ್ದು ಹಾಕಿ ಎಷ್ಟು ಬಂತು ಹೇಳಿ.

ಬ್ಯಾಡಗಿ_ಖಾರ · ಬೆಳಿಗ್ಗೆ 8:02

2ಎಕ್ಸ್ ಭಾಗಿಸು 1. ಎಕ್ಸ್ ಜಾಗಕ್ಕೆ 1 ಹಾಕಿದರೆ 2.

ಗದಗ_ಗಣಿತ · ಬೆಳಿಗ್ಗೆ 8:10

ಈಗ ಮದ್ದು ಬಿಟ್ಟು ಸುಮ್ನೆ 1 ಹಾಕಿ. ಮೇಲೆ 2, ಕೆಳಗೆ 3. ಉತ್ತರ 2/3. ನಿಮ್ಮ 2 ತಪ್ಪು. ಆ ನಿಯಮ 0/0 ಅಥವಾ ಇನ್ಫಿನಿಟಿ ಬಟಾ ಇನ್ಫಿನಿಟಿ ಇದ್ದಾಗ ಮಾತ್ರ. ಅದಕ್ಕೂ ಷರತ್ತಿದೆ.

ಮೂವತ್ತು ವರ್ಷ ಕಲಿಸಿ ರಿಟೈರ್ ಆದವನು ನಾನು. ಹುಡುಗರು ಈ ನಿಯಮ ಕಲಿತ ವಾರವೇ ಲಿಮಿಟ್ ಮರೆಯುತ್ತಾರೆ. ಸೈನ್ ಎಕ್ಸ್ ಬಟಾ ಎಕ್ಸ್‌ಗೂ ಅದನ್ನೇ ಹಾಕುತ್ತಾರೆ. ಸೈನ್‌ನ ಡೆರಿವೇಟಿವ್ ಕಾಸ್ ಅಂತ ಸಾಧಿಸುವುದಕ್ಕೇ ಆ ಲಿಮಿಟ್ 1 ಅಂತ ಮೊದಲು ಗೊತ್ತಿರಬೇಕು. ತನ್ನ ಹೆಗಲ ಮೇಲೆ ತಾನೇ ಹತ್ತಿ ಅಟ್ಟದ ಡಬ್ಬಿ ತೆಗೆದಂತೆ. ಅಂದ ಹಾಗೆ ಆ ನಿಯಮ ಎಲ್'ಹಾಸ್ಪಿಟಲ್‌ನ ಸ್ವಂತದ್ದೂ ಅಲ್ಲ. 1696ರಲ್ಲಿ ಅವನ ಪುಸ್ತಕದಲ್ಲಿ ಬಂತು ನಿಜ, ಅವನಿಗೆ ಹೇಳಿಕೊಟ್ಟವನು ಯೋಹಾನ್ ಬರ್ನೂಲಿ.

ಈಗ ಹುಡುಗನ ವಿಷಯ. ತಮ್ಮಾ, ಪುಸ್ತಕದಲ್ಲಿ ಗುಣಾಕಾರದ ನಿಯಮದ ಮೇಲೆ ಒಂದು ಸಾಲು ಇರುತ್ತದೆ. 'ಎಫ್ ಮತ್ತು ಜಿ ಎರಡರ ಲಿಮಿಟ್ಟೂ ಇದ್ದರೆ' ಅಂತ. ಎಲ್ಲರೂ ಆ ಸಾಲನ್ನು ಲಗ್ನಪತ್ರಿಕೆಯ ತಲೆಯ ಮೇಲಿನ ಶ್ರೀ ಅಂದುಕೊಳ್ಳುತ್ತಾರೆ. ಇರಬೇಕಾದ ಜಾಗದಲ್ಲಿ ಇದೆ, ಓದುವುದು ಬೇಡ ಅಂತ. ಆದರೆ ನಿಯಮದ ಜೀವ ಅಲ್ಲೇ ಇರುವುದು. ಕೂಡಿಸು, ಕಳೆ, ಗುಣಿಸು ಈ ಮೂರಕ್ಕೂ ಎರಡೂ ಲಿಮಿಟ್ ಇರಬೇಕು. ಭಾಗಾಕಾರಕ್ಕೆ ಅದರ ಜೊತೆಗೆ ಛೇದದ ಲಿಮಿಟ್ ಸೊನ್ನೆ ಆಗಿರಬಾರದು.

ಸಪ್ತಾಪುರ_ಹುಡುಗ · ಬೆಳಿಗ್ಗೆ 8:25

ಸರ, ಒಂದು ಡೌಟು. 3ಎಕ್ಸ್² - 5ಎಕ್ಸ್ + 7 ಇಂಥದಕ್ಕೆ ಎಕ್ಸ್ 2ರ ಹತ್ತಿರ ಅಂದರೆ ನಾವು ನೇರವಾಗಿ 2 ಹಾಕುತ್ತೇವೆ. 9 ಬರುತ್ತದೆ. ಅಲ್ಲಿ ಯಾರೂ ಷರತ್ತು ನೋಡುವುದಿಲ್ಲವಲ್ಲ?

ಗದಗ_ಗಣಿತ · ಬೆಳಿಗ್ಗೆ 8:48

ನೋಡುವುದಿಲ್ಲ, ಯಾಕೆಂದರೆ ಅಲ್ಲಿ ಷರತ್ತು ತಾನಾಗಿಯೇ ಪೂರೈಸುತ್ತದೆ. ನಮ್ಮ ಕೈಯಲ್ಲಿ ಇರುವ ಬಂಡವಾಳ ಎರಡೇ. ಎಕ್ಸ್ 2ರ ಹತ್ತಿರ ಹೋದಾಗ ಎಕ್ಸ್‌ನ ಲಿಮಿಟ್ 2. 7ರ ಲಿಮಿಟ್ 7, ಅದು ಕುಂತಲ್ಲೇ ಕುಂತಿರುತ್ತದೆ. ಎಕ್ಸ್² ಅಂದರೆ ಎಕ್ಸ್ × ಎಕ್ಸ್, ಎರಡಕ್ಕೂ ಲಿಮಿಟ್ ಇದೆ, ಗುಣಿಸಿದರೆ 4. 3ರಿಂದ ಗುಣಿಸಿದರೆ 12. ಅದರಲ್ಲಿ 10 ಕಳೆ, 7 ಕೂಡಿಸು. ಒಂದೊಂದು ಹೆಜ್ಜೆಯಲ್ಲೂ ಲಿಮಿಟ್ ಇದ್ದೇ ಇದೆ. ಅದಕ್ಕೇ ಪಾಲಿನಾಮಿಯಲ್ ಇದ್ದರೆ ಬೆಲೆ ಹಾಕಿದರೆ ಮುಗೀತು. ಅಪ್ಪಣೆ ಇದೆ ಅಂತ ಹಾಕುವುದಲ್ಲ, ನಿಯಮಗಳು ಸೇರಿ ಕೊಟ್ಟ ಫಲ ಅದು.

ನಿಯಮ ಯಾಕೆ ನಿಜ ಅಂತಲೂ ಸ್ವಲ್ಪ ಹೇಳುತ್ತೇನೆ. ಕೂಡಿಸುವುದು ಸುಲಭ. ಮೊತ್ತದಲ್ಲಿ ಹೆಚ್ಚೆಂದರೆ ಒಂದು ಪೈಸೆ ವ್ಯತ್ಯಾಸ ಇರಬಹುದು ಅಂದರೆ ಎಫ್‌ಗೆ ಅರ್ಧ ಪೈಸೆ, ಜಿಗೆ ಅರ್ಧ ಪೈಸೆ ಹಂಚು. ಎರಡೂ ತಮ್ಮ ಲಿಮಿಟ್ಟಿಗೆ ಅಷ್ಟು ಹತ್ತಿರ ಬರುವಷ್ಟು ಎಕ್ಸ್ ಅನ್ನು ಒಳಗೆ ತಾ. ಕೆಲಸ ಆಯಿತು. ಗುಣಾಕಾರದಲ್ಲಿ ತುಸು ಕಸರತ್ತು. ಎಫ್‌ನ ಲಿಮಿಟ್ ಎಲ್, ಜಿಯದು ಎಮ್ ಅಂದರೆ,

ಎಫ್ × ಜಿ - ಎಲ್ × ಎಮ್ = ಜಿ × (ಎಫ್ - ಎಲ್) + ಎಲ್ × (ಜಿ - ಎಮ್)

ಎರಡು ಬ್ರಾಕೆಟ್ಟೂ ಸೊನ್ನೆಗೆ ಇಳಿಯುತ್ತವೆ. ಆದರೆ ಮೊದಲನೆಯದರ ಹೊರಗೆ ಜಿ ನಿಂತಿದೆ ನೋಡಿ. ಆ ಜಿ ಬೇಕಾಬಿಟ್ಟಿ ಬೆಳೆದರೆ ಸೊನ್ನೆಗೆ ಇಳಿಯುತ್ತಿರುವ ಬ್ರಾಕೆಟ್ಟನ್ನು ಎತ್ತಿ ಹೊರಗೆ ಎಸೆಯಬಹುದು. ಜಿಗೆ ಲಿಮಿಟ್ ಇದ್ದರೆ ಆ ಜಾಗದ ಹತ್ತಿರ ಅದು ಹದ್ದು ಮೀರುವುದಿಲ್ಲ, ಹಾಗಾಗಿ ಭಯ ಇಲ್ಲ. ಅಕ್ಕಾವರು ಕೊಟ್ಟ 1/ಎಕ್ಸ್ ಹದ್ದು ಮೀರುತ್ತದೆ. ಸೈನ್(1/ಎಕ್ಸ್) ಕುಣಿಯುತ್ತದೆ, ಆದರೆ ಅಂಗಳ ದಾಟುವುದಿಲ್ಲ. ನಿನ್ನ ಉತ್ತರ ಸರಿ ಬಂದದ್ದು ಅದರಿಂದ. ನೀನು ಬರೆದ ನಿಯಮದಿಂದಲ್ಲ.

ಬ್ಯಾಡಗಿ_ಖಾರ · ಬೆಳಿಗ್ಗೆ 9:30

2/3 ಒಪ್ಪಿಕೊಂಡೆ ಸರ. ಕುಣಿಯುವುದು, ಅಂಗಳ ದಾಟುವುದು ಅಂದಿರಲ್ಲ, ಅದನ್ನು ನಮ್ಮೂರಿನ ಮಾತಿನಲ್ಲಿ ಹೇಳುತ್ತೇನೆ. ಮೆಣಸಿನಕಾಯಿ ಮಾರ್ಕೆಟ್ ಮನೆಯ ಮುಂದೆಯೇ ಇದೆ.

ಚೀಲದಲ್ಲಿರುವ ಮೆಣಸಿನಕಾಯಿ ಕಡಿಮೆ ಆಗುತ್ತಾ ಆಗುತ್ತಾ ಸೊನ್ನೆಗೆ ಬರುತ್ತಿದೆ ಅಂತಿಟ್ಟುಕೊಳ್ಳಿ. ದರ ಒಂದು ಕಡೆ ನಿಲ್ಲುತ್ತಿಲ್ಲ, ಆದರೆ ಕ್ವಿಂಟಲಿಗೆ 10 ಸಾವಿರಕ್ಕೂ 50 ಸಾವಿರಕ್ಕೂ ನಡುವೆಯೇ ಜಿಗಿಯುತ್ತಿದೆ. ಕೈಗೆ ಬರುವ ದುಡ್ಡು ಎಷ್ಟಾಗುತ್ತದೆ? ಸೊನ್ನೆಗೇ ಇಳಿಯುತ್ತದೆ. ದರಕ್ಕೆ ಲಿಮಿಟ್ ಇಲ್ಲದಿದ್ದರೂ ಪರವಾಗಿಲ್ಲ. ಆದರೆ ಮಾಲು ಅರ್ಧ ಆದಾಗಲೆಲ್ಲ ದರ ಎರಡರಷ್ಟು ಆಗುತ್ತಾ ಹೋದರೆ? ದುಡ್ಡು ಇದ್ದಷ್ಟೇ ಇರುತ್ತದೆ. ಅದೇ ಎಕ್ಸ್ × 1/ಎಕ್ಸ್. ಸರಿನಾ?

ಗದಗ_ಗಣಿತ · ಬೆಳಿಗ್ಗೆ 9:41

ನೂರಕ್ಕೆ ನೂರು. ಇದನ್ನು ನಾನು ಮೂವತ್ತು ವರ್ಷದ ಹಿಂದೆ ಕೇಳಿದ್ದರೆ ಎಷ್ಟೋ ಚಾಕ್‌ಪೀಸು ಉಳಿಯುತ್ತಿತ್ತು.

ಉಣಕಲ್_ಅಕ್ಕ · ಮಧ್ಯಾಹ್ನ 1:15

ಹುಡುಗಾ, ಪೇಪರಿನಲ್ಲಿ ಬರೆಯುವ ರೀತಿ ಇದು. ಸೈನ್(1/ಎಕ್ಸ್) ಯಾವಾಗಲೂ -1 ಮತ್ತು 1ರ ನಡುವೆ. ಆದ್ದರಿಂದ ಎಕ್ಸ್ × ಸೈನ್(1/ಎಕ್ಸ್) ಯಾವಾಗಲೂ -|ಎಕ್ಸ್| ಮತ್ತು |ಎಕ್ಸ್| ನಡುವೆ. ಎರಡು ಕಡೆಯ ಗೋಡೆಗಳೂ ಸೊನ್ನೆಗೆ ಬರುತ್ತವೆ. ನಡುವಿನದಕ್ಕೆ ಬೇರೆ ದಾರಿ ಇಲ್ಲ. ಸ್ಯಾಂಡ್‌ವಿಚ್ ಪ್ರಮೇಯ ಅಂತ ಹೆಸರು ಬರೆದು ಮುಗಿಸು. |ಎಕ್ಸ್| ಅಂದರೆ ಋಣ ಚಿಹ್ನೆ ಬಿಟ್ಟ ಎಕ್ಸ್. ಆ ಪಟ್ಟಿಗಳನ್ನು ಮರೆಯಬೇಡ, ಬರೀ ಎಕ್ಸ್ ಅಂತ ಬರೆದರೆ ಎಕ್ಸ್ ಋಣ ಇದ್ದಾಗ ಗೋಡೆ ಅದಲುಬದಲು ಆಗುತ್ತದೆ. ಅದಕ್ಕೂ ಅರ್ಧ ಮಾರ್ಕ್ಸ್ ಕತ್ತರಿಸುವವರಿದ್ದಾರೆ.

ನವಲೂರ_ಪೇರಲ · ಮಧ್ಯಾಹ್ನ 2:40

ಊಟ ಮಾಡಿ ಮತ್ತೆ ಬಂದೆ. ನನ್ನದು ಇನ್ನೂ ಹಳೆಯ ಡೌಟು. (ಎಕ್ಸ್² - 9)/(ಎಕ್ಸ್ - 3), ಎಕ್ಸ್ 3ರ ಹತ್ತಿರ. ಮಗಳು ಎಕ್ಸ್ - 3 ಅನ್ನು ಮೇಲೆ ಕೆಳಗೆ ಹೊಡೆದು, ಉಳಿದ ಎಕ್ಸ್ + 3ಕ್ಕೆ 3 ಹಾಕಿ 6 ಅಂದಳು. ನಾನು ಕೇಳಿದೆ, ಹೊಡೆಯುವಾಗ ಅದು ಸೊನ್ನೆ ಅಲ್ಲ ಅಂತೀಯಾ, ಆಮೇಲೆ 3 ಹಾಕುತ್ತೀಯಾ, ಇದು ಮೋಸ ಅಲ್ವಾ? ಅವಳಿಗೆ ಸಿಟ್ಟು ಬಂತು. ನನಗಂತೂ ಮೋಸ ಅಂತಲೇ ಅನ್ನಿಸುತ್ತದೆ.

ಗದಗ_ಗಣಿತ · ಮಧ್ಯಾಹ್ನ 3:30

ನಿಮ್ಮ ಜೊತೆ ದೊಡ್ಡವರೇ ಇದ್ದಾರೆ. 1734ರಲ್ಲಿ ಐರ್ಲೆಂಡಿನ ಬಿಷಪ್ ಜಾರ್ಜ್ ಬರ್ಕ್ಲಿ ನ್ಯೂಟನ್‌ನ ಗಣಿತದ ಮೇಲೆ ಎತ್ತಿದ್ದು ಇದೇ ತಕರಾರು. ಮೊದಲು ಏನೋ ಒಂದು ಚಿಕ್ಕ ಅಂಕಿ ಇದೆ ಅಂತ ಭಾಗಿಸುತ್ತೀರಿ, ಭಾಗಿಸಿದ ಮೇಲೆ ಅದು ಸೊನ್ನೆ ಅಂತ ಬಿಟ್ಟುಬಿಡುತ್ತೀರಿ ಅಂತ. ಆಗ ಯಾರ ಹತ್ತಿರವೂ ಗಟ್ಟಿ ಉತ್ತರ ಇರಲಿಲ್ಲ. 1821ರಲ್ಲಿ ಕೋಶಿ ಲಿಮಿಟ್ಟನ್ನು ಅಡಿಪಾಯವಾಗಿ ಇಟ್ಟ, ಆಮೇಲೆ ವೈಯರ್‌ಸ್ಟ್ರಾಸ್ ಅದನ್ನು ಬಿಗಿ ಮಾಡಿದ.

ಸೊನ್ನೆಯಿಂದ ಭಾಗಿಸಿದರೆ ಏನು ಅಂತ ನಮ್ಮ ಕಡೆಯವರೂ ಕಡಿಮೆ ಒದ್ದಾಡಿಲ್ಲ. 628ರಲ್ಲಿ ಬ್ರಹ್ಮಗುಪ್ತ 0/0 ಅಂದರೆ 0 ಅಂದ. ಒಂಬತ್ತನೇ ಶತಮಾನದಲ್ಲಿ ನಮ್ಮ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ, ಸೊನ್ನೆಯಿಂದ ಭಾಗಿಸಿದರೆ ಅಂಕಿ ಬದಲಾಗುವುದಿಲ್ಲ ಅಂದ. ಹನ್ನೆರಡನೇ ಶತಮಾನದಲ್ಲಿ ಭಾಸ್ಕರಾಚಾರ್ಯ ಅದಕ್ಕೆ ಖಹರ ಅಂತ ಹೆಸರಿಟ್ಟು ಅನಂತ ಅಂದ. ಇಂಥ ಘಟಾನುಘಟಿಗಳು ಜಾರಿದ ಜಾಗ ಅದು. ನಿಮ್ಮ ಮಗಳ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ.

ಮೋಸ ಯಾಕೆ ಅಲ್ಲ ಅಂದರೆ, ಲಿಮಿಟ್ ಅನ್ನುವುದು ಎಕ್ಸ್ 3 ಆದಾಗ ಏನಾಗುತ್ತದೆ ಅಂತ ಕೇಳುವುದೇ ಇಲ್ಲ. 3ರ ಅಕ್ಕಪಕ್ಕ ಏನಾಗುತ್ತದೆ ಅಂತ ಮಾತ್ರ ಕೇಳುತ್ತದೆ. ಅಕ್ಕಪಕ್ಕದಲ್ಲಿ ಎಕ್ಸ್ - 3 ಸೊನ್ನೆ ಅಲ್ಲ, ಹೊಡೆಯಬಹುದು. ಹೊಡೆದ ಮೇಲೆ ಉಳಿದದ್ದು ಎಕ್ಸ್ + 3ರ ಲಿಮಿಟ್. ಅದು 6 ಅಂತ ಕೂಡಿಸುವ ನಿಯಮ ಹೇಳುತ್ತದೆ. ಅಲ್ಲಿ 3 ಹಾಕಿದ್ದು ಹಳೆಯ ಭಿನ್ನರಾಶಿಗೆ ಅಲ್ಲ.

ಉಣಕಲ್_ಅಕ್ಕ · ಮಧ್ಯಾಹ್ನ 3:52

ನಾನು ಟ್ಯೂಷನ್ನಿನಲ್ಲಿ ಹೀಗೆ ಹೇಳುತ್ತೇನೆ. ನವಲೂರಿನ ಸ್ಟಾಪ್ ರಿಪೇರಿ ಅಂತ ಮುಚ್ಚಿದ್ದಾರೆ ಅಂದುಕೊಳ್ಳಿ. ಹುಬ್ಬಳ್ಳಿಯಿಂದ ಬರುವ ಚಿಗರಿ ಬಸ್ಸೂ ಧಾರವಾಡದಿಂದ ಬರುವ ಬಸ್ಸೂ ಎಲ್ಲಿಗೆ ಬರುತ್ತಿವೆ ಅಂತ ಹೇಳುವುದಕ್ಕೆ ಸ್ಟಾಪ್ ತೆರೆದಿರಬೇಕಾಗಿಲ್ಲ. ಎರಡೂ ಒಂದೇ ಜಾಗಕ್ಕೆ ಬರುತ್ತಿದ್ದರೆ ಅದೇ ಲಿಮಿಟ್. ಒಂದು ಮಾತು, ಹುಡುಗರು ಹೊಡೆದಾದ ಮೇಲೆ 'ಲಿಮಿಟ್' ಅಂತ ಬರೆಯುವುದನ್ನೇ ಬಿಟ್ಟುಬಿಡುತ್ತಾರೆ. ಬೆಲೆ ಹಾಕುವ ಸಾಲಿನವರೆಗೂ ಅದು ಇರಬೇಕು. ಬೆಲೆ ಹಾಕಿದ ಮೇಲೆ ಇರಬಾರದು.

ನವಲೂರ_ಪೇರಲ · ಸಂಜೆ 5:10

ನಮ್ಮೂರ ಸ್ಟಾಪ್ ಮುಚ್ಚಿಸಿದ್ದಕ್ಕೆ ಧನ್ಯವಾದ ಅಕ್ಕಾ :) ಆದರೆ ಈಗ ತಿಳಿಯಿತು.

ಸಪ್ತಾಪುರ_ಹುಡುಗ · ಸಂಜೆ 6:30

ನಾನೂ ಒಂದು ಹೇಳುತ್ತೇನೆ. ಸೈನ್ ಎಕ್ಸ್ ಬಟಾ ಎಕ್ಸ್ 1 ಅಂತ ನೋಡೋಣ ಅಂತ ಕ್ಯಾಲ್ಕುಲೇಟರಿನಲ್ಲಿ 0.001 ಹಾಕಿದೆ. 0.01745 ಬಂತು. ಪುಸ್ತಕ ತಪ್ಪು ಅಂತ ಅರ್ಧ ಗಂಟೆ ಖುಷಿಯಲ್ಲಿದ್ದೆ. ಆಮೇಲೆ ಗೊತ್ತಾಯಿತು, ಅದು ಡಿಗ್ರಿಯಲ್ಲಿತ್ತು. ಪೈ/180 ಬಂದಿದೆ.

ಈಗ ನಿಜವಾದ ಡೌಟು. 1/(ಎಕ್ಸ್ - 1) - 2/(ಎಕ್ಸ್² - 1), ಎಕ್ಸ್ 1ರ ಹತ್ತಿರ. ನನ್ನ ಗೆಳೆಯ 'ಇನ್ಫಿನಿಟಿ ಮೈನಸ್ ಇನ್ಫಿನಿಟಿ, ಸೊನ್ನೆ' ಅಂದ. ನಾನು 'ಎರಡಕ್ಕೂ ಲಿಮಿಟ್ ಇಲ್ಲ, ಆದ್ದರಿಂದ ಇದಕ್ಕೂ ಇಲ್ಲ' ಅಂದೆ. ಯಾರು ಸರಿ?

ಉಣಕಲ್_ಅಕ್ಕ · ಸಂಜೆ 6:58

ಇಬ್ಬರೂ ತಪ್ಪು! ಎಕ್ಸ್‌ಗೆ 1.01 ಹಾಕಿ ನೋಡು, 0.4975 ಬರುತ್ತದೆ. ಮೊದಲು ಎರಡನ್ನೂ ಒಂದೇ ಛೇದಕ್ಕೆ ತಾ. ಮೇಲೆ (ಎಕ್ಸ್ + 1) - 2, ಅಂದರೆ ಎಕ್ಸ್ - 1. ಕೆಳಗೆ (ಎಕ್ಸ್ - 1)(ಎಕ್ಸ್ + 1). ಹೊಡೆದರೆ ಉಳಿಯುವುದು 1/(ಎಕ್ಸ್ + 1). ಲಿಮಿಟ್ 1/2.

ನಿನ್ನ ಗೆಳೆಯ ಇಲ್ಲದ ಲಿಮಿಟ್ಟುಗಳನ್ನು ಕಳೆದ. ನೀನು ನಿಯಮವನ್ನು ತಿರುಗಿಸಿ ಓದಿದೆ. 'ಎರಡೂ ಇದ್ದರೆ ವ್ಯತ್ಯಾಸಕ್ಕೂ ಇದೆ' ಅಂತ ನಿಯಮ. 'ಎರಡೂ ಇಲ್ಲದಿದ್ದರೆ ಇದಕ್ಕೂ ಇಲ್ಲ' ಅಂತ ಎಲ್ಲೂ ಬರೆದಿಲ್ಲ. ಷರತ್ತು ಪೂರೈಸದಿದ್ದರೆ ನಿಯಮ ಬಾಯಿ ಮುಚ್ಚಿಕೊಳ್ಳುತ್ತದೆ, ಇಲ್ಲ ಅನ್ನುವುದಿಲ್ಲ. ಆಗ ಬೀಜಗಣಿತ ಹಿಡಿಯಬೇಕು.

ಬ್ಯಾಡಗಿ_ಖಾರ · ರಾತ್ರಿ 8:15

ಒಂದಕ್ಕೆ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ?

ಗದಗ_ಗಣಿತ · ರಾತ್ರಿ 8:33

ಕೂಡಿಸುವುದಾದರೆ ಮೊತ್ತಕ್ಕೆ ಖಂಡಿತ ಇಲ್ಲ. ಇದೆ ಅಂತಿಟ್ಟುಕೊಳ್ಳಿ. ಮೊತ್ತದಿಂದ ಮೊದಲನೆಯದನ್ನು ಕಳೆದರೆ ಎರಡನೆಯದು ಸಿಗುತ್ತದೆ. ಮೊತ್ತಕ್ಕೂ ಮೊದಲನೆಯದಕ್ಕೂ ಲಿಮಿಟ್ ಇದ್ದರೆ ಕಳೆಯುವ ನಿಯಮದಿಂದ ಎರಡನೆಯದಕ್ಕೂ ಇರಲೇಬೇಕು. ಇಲ್ಲ ಅಂದಿದ್ದೆವಲ್ಲ! ಗುಣಾಕಾರದಲ್ಲಿ ಹಾಗೆ ಹೇಳಲು ಬರುವುದಿಲ್ಲ. ಹುಡುಗನ ಮೊದಲ ಲೆಕ್ಕವೇ ಸಾಕ್ಷಿ, ಎಕ್ಸ್‌ಗೆ ಇತ್ತು, ಸೈನ್‌ಗೆ ಇರಲಿಲ್ಲ, ಗುಣಲಬ್ಧಕ್ಕೆ ಇತ್ತು.

ಸಪ್ತಾಪುರ_ಹುಡುಗ · ಗುರುವಾರ, ಸಂಜೆ 7:05

ಇವತ್ತು ಧೈರ್ಯ ಮಾಡಿ ಸ್ಟಾಫ್ ರೂಮಿಗೆ ಹೋದೆ. ಮಾರ್ಕ್ಸ್ ವಾಪಸ್ ಕೊಡಲಿಲ್ಲ. ಆದರೆ ಎಕ್ಸ್ × 1/ಎಕ್ಸ್ ಉದಾಹರಣೆ ನಾನೇ ಹೇಳಿದೆ, ಸರ್ ನಕ್ಕು ಇನ್ನೊಂದು ಲೆಕ್ಕ ಕೊಟ್ಟರು. (ಎಕ್ಸ್² + ಎಎಕ್ಸ್ + ಬಿ)/(ಎಕ್ಸ್ - 2), ಎಕ್ಸ್ 2ರ ಹತ್ತಿರ ಹೋದಾಗ ಲಿಮಿಟ್ 5. ಎ, ಬಿ ಎಷ್ಟು?

ನಾನು ಮಾಡಿದ್ದು: ಅಂಶ ಅಂದರೆ ಭಾಗಲಬ್ಧ × ಛೇದ. ಭಾಗಲಬ್ಧದ ಲಿಮಿಟ್ 5 ಅಂತ ಕೊಟ್ಟಿದ್ದಾರೆ, ಛೇದದ ಲಿಮಿಟ್ 0. ಎರಡೂ ಇವೆ! ಆದ್ದರಿಂದ ಗುಣಾಕಾರದ ನಿಯಮ ಧೈರ್ಯವಾಗಿ ಹಾಕಬಹುದು. ಅಂಶದ ಲಿಮಿಟ್ 5 × 0 = 0. ಹಾಗಾದರೆ 4 + 2ಎ + ಬಿ = 0, ಅಂದರೆ ಎಕ್ಸ್ - 2 ಒಂದು ಅಪವರ್ತನ. ಇನ್ನೊಂದು ಎಕ್ಸ್ + ಕೆ. ಹೊಡೆದ ಮೇಲೆ 2 + ಕೆ = 5, ಕೆ = 3. ಗುಣಿಸಿದರೆ ಎಕ್ಸ್² + ಎಕ್ಸ್ - 6. ಎ = 1, ಬಿ = -6. ಈ ಸಲದ ಕೆ ನಿಜವಾಗಿಯೂ ಇದೆ ಅಕ್ಕಾ.

ಉಣಕಲ್_ಅಕ್ಕ · ಸಂಜೆ 7:20

ಶಭಾಷ್! ಇದಕ್ಕೆ ಪೇಢೆ ನನ್ನ ಲೆಕ್ಕದಲ್ಲಿ. 'ಛೇದ ಸೊನ್ನೆ, ಅದಕ್ಕೇ ಅಂಶವೂ ಸೊನ್ನೆ' ಅಂತ ಬಾಯಿಪಾಠ ಬರೆಯುವವರೇ ಜಾಸ್ತಿ. ಯಾಕೆ ಅಂತ ನೀನು ಬರೆದಿದ್ದೀಯಾ.

ಸಪ್ತಾಪುರ_ಹುಡುಗ · ಸಂಜೆ 7:26

ಬ್ಯಾಡಗಿ ಅಣ್ಣಾ, ಈಗ ನಿನಗೆ ಒಂದು. ಎರಡು ಫಂಕ್ಷನ್, ಎಕ್ಸ್ ಸೊನ್ನೆಯ ಹತ್ತಿರ ಎರಡಕ್ಕೂ ಲಿಮಿಟ್ ಇರಬಾರದು, ಆದರೆ ಗುಣಿಸಿದರೆ ಲಿಮಿಟ್ ಇರಬೇಕು. ಎರಡೂ ಇನ್ಫಿನಿಟಿಗೆ ಹೋಗುವಂತಿಲ್ಲ.

ನವಲೂರ_ಪೇರಲ · ಸಂಜೆ 8:50

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ, ಮಗಳ ಜೊತೆ ಕೂತು ಮಾಡಿದೆ. |ಎಕ್ಸ್|/ಎಕ್ಸ್ ತೆಗೆದುಕೊಳ್ಳಿ. ಬಲಗಡೆಯಿಂದ ಬಂದರೆ 1, ಎಡಗಡೆಯಿಂದ ಬಂದರೆ -1, ಲಿಮಿಟ್ ಇಲ್ಲ. ಇನ್ನೊಂದೂ ಅದೇ. ಗುಣಿಸಿದರೆ ಎರಡು ಕಡೆಯೂ 1. ಸರಿನಾ?

ಗದಗ_ಗಣಿತ · ರಾತ್ರಿ 9:02

ಸರಿ. ಮಗಳಿಗೂ ನಿಮಗೂ.

ಬ್ಯಾಡಗಿ_ಖಾರ · ರಾತ್ರಿ 9:15

ನಾನೂ ಅದನ್ನೇ ಬರೆಯುವವನಿದ್ದೆ, ನೆಟ್ ಹೋಗಿತ್ತು.